ಮಿರ್ಕಾಬ್‌ನಲ್ಲಿ ಸಂಜೆ ಐದು, ಕಿವಿಯಲ್ಲಿ ಕನ್ನಡ

ಭಾರತದಲ್ಲಿ ಐಪಿಎಲ್ ಪಂದ್ಯದ ಮೊದಲ ಎಸೆತ ಬೀಳುವುದು ರಾತ್ರಿ 7.30ಕ್ಕೆ. ಕುವೈತಿನಲ್ಲಿ ಆಗ ಸಂಜೆ 5 ಗಂಟೆ. ಬೆಂಗಳೂರಿನವರು ಮನೆ ಸೇರಿ, ಕೈಕಾಲು ತೊಳೆದು ಟಿವಿ ಮುಂದೆ ಕೂರುವ ಹೊತ್ತಿಗೆ ಕುವೈತ್ ನಗರದ ಮಿರ್ಕಾಬ್‌ನಲ್ಲಿರುವ ಕನ್ನಡಿಗರು ಇನ್ನೂ ಅಂಗಡಿಯ ಗಲ್ಲಾದಲ್ಲಿರುತ್ತಾರೆ, ಸಾಮಾನು ತಲುಪಿಸುವ ಗಾಡಿಯಲ್ಲಿರುತ್ತಾರೆ, ಇಲ್ಲವೇ ಅಲ್ಲಿನ ದೊಡ್ಡ ಬಸ್ ನಿಲ್ದಾಣದಲ್ಲಿ ಫಹಾಹೀಲ್ ಕಡೆಗೋ ಅಬ್ಬಾಸಿಯಾ ಕಡೆಗೋ ಹೋಗುವ ಬಸ್ಸಿಗೆ ಕಾಯುತ್ತಿರುತ್ತಾರೆ. ಫೋನು ಜೇಬಿನಲ್ಲಿ, ವಯರು ಕಿವಿಯಲ್ಲಿ. ಪಂದ್ಯ ಅವರಿಗೆ ಕಾಣುವುದಿಲ್ಲ, ಕೇಳಿಸುತ್ತದೆ.

ಕುವೈತಿನಲ್ಲಿರುವ ಭಾರತೀಯರು ಸುಮಾರು 10 ಲಕ್ಷ. ಅವರಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಿಂದ ಹೋದವರು ತಲೆಮಾರುಗಳಿಂದ ಇದ್ದಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ನವಾಯತಿಯೋ, ಹೊರಗೆ ಅರಬ್ಬಿ ಮತ್ತು ಹಿಂದಿ, ನಾಲ್ಕೂ ಕಡೆಯವರು ಒಟ್ಟು ಕೂತಾಗ ಕನ್ನಡ. ಮಿರ್ಕಾಬ್ ಎಂಬ ಹೆಸರು ಅರಬ್ಬಿಯಲ್ಲಿ ಕಣ್ಣಿಟ್ಟು ನೋಡುವುದಕ್ಕೆ ಸಂಬಂಧಿಸಿದ್ದು. ದೂರದರ್ಶಕ ಯಂತ್ರವನ್ನೂ ಅದೇ ಪದದಿಂದ ಕರೆಯುತ್ತಾರೆ. ಆ ಹೆಸರಿನ ಬಡಾವಣೆಯಲ್ಲಿ ನಿಂತು, ಕಾಣದ ಆಟವನ್ನು ಕಿವಿಯಿಂದ ನೋಡಲು ಹವಣಿಸುವವರಿಗೆ ಯಾರ ಮಾತು ಕಣ್ಣಾಗಬಲ್ಲದು? ದೊಡ್ಡ ವೀಕ್ಷಕ ವಿವರಣೆಗಾರರನ್ನು ಅಳೆಯಬೇಕಾದದ್ದು ಈ ಒಂದು ಪ್ರಶ್ನೆಯಿಂದ. ಟಿವಿಯ ಮುಂದೆ ಕೂತವರಿಗೆ ಯಾರು ಬೇಕಾದರೂ ವಿವರಣೆ ಕೊಡಬಹುದು.

ಈ ಕಲೆ ಹದಗೊಂಡಿದ್ದು ಕನ್ನಡಿಗರು ಅಷ್ಟಾಗಿ ನೋಡದ ಒಂದು ಆಟದಲ್ಲಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದೊಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ವಸಂತದಿಂದ ಶರತ್ಕಾಲದವರೆಗೆ ಹೆಚ್ಚುಕಡಿಮೆ ದಿನಾ ಪಂದ್ಯ. ಕ್ರಿಕೆಟ್ಟಿನಂತೆ ಅಲ್ಲಿಯೂ ಚೆಂಡು ಚಲಿಸುವ ಹೊತ್ತು ಕಡಿಮೆ, ಚೆಂಡಿಗಾಗಿ ಕಾಯುವ ಹೊತ್ತು ಹೆಚ್ಚು. ಆ ಬಿಡುವನ್ನು ತುಂಬುವವರ ಧ್ವನಿ ಅಡುಗೆಮನೆಯಲ್ಲಿ, ಗ್ಯಾರೇಜಿನಲ್ಲಿ, ಹೊಲದಲ್ಲಿ ವರ್ಷವಿಡೀ ಕೇಳುತ್ತಿರುತ್ತದೆ. ಮನೆಯವರ ಧ್ವನಿಯಷ್ಟೇ ಪರಿಚಿತವಾಗಿಬಿಡುತ್ತದೆ. ಅದರ ಬೆಲೆ ಎಷ್ಟೆಂದು ತಿಳಿಯಲು ಒಂದು ಸಂಗತಿ ಸಾಕು: 1948ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಅಟ್ಲಾಂಟಾದಲ್ಲಿದ್ದ ಎರ್ನಿ ಹಾರ್ವೆಲ್ ಎಂಬ ವಿವರಣೆಗಾರರನ್ನು ಕರೆಸಿಕೊಳ್ಳಲು ತನ್ನ ಒಬ್ಬ ಕ್ಯಾಚರ್, ಕ್ಲಿಫ್ ಡ್ಯಾಪರ್, ಅವರನ್ನು ಅಟ್ಲಾಂಟಾ ತಂಡಕ್ಕೆ ಬಿಟ್ಟುಕೊಟ್ಟಿತು. ಒಂದು ಧ್ವನಿಗೆ ಒಬ್ಬ ಆಟಗಾರ.

ಅದೇ ಡಾಡ್ಜರ್ಸ್ ತಂಡದ ರೆಡ್ ಬಾರ್ಬರ್ ಎಂಬ ಹಿರಿಯರು ಮೈಕಿನ ಪಕ್ಕದಲ್ಲಿ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದು ಮುಗಿದಾಗಲೆಲ್ಲ ಸ್ಕೋರ್ ಹೇಳಿ, ಗಡಿಯಾರವನ್ನು ತಿರುಗಿಸಿಡುತ್ತಿದ್ದರು. ಎಷ್ಟು ಚಿಕ್ಕ ಉಪಾಯ, ಎಂಥ ಗೌರವ! ಈಗಷ್ಟೇ ರೇಡಿಯೋ ಹಾಕಿದವರು, ಗಿರಾಕಿಗೆ ಚಿಲ್ಲರೆ ಕೊಟ್ಟು ಮತ್ತೆ ಕಿವಿಗೊಟ್ಟವರು, ಮಗುವನ್ನು ಮಲಗಿಸಿ ಬಂದವರು, ಎಲ್ಲರಿಗೂ ಮೂರು ನಿಮಿಷದೊಳಗೆ ಉತ್ತರ ಸಿಗುತ್ತಿತ್ತು. ಇಂದು ಕನ್ನಡದ ನೇರ ಪ್ರಸಾರದಲ್ಲಿ ಮೂವರು ಹರಟುತ್ತ ಇಡೀ ಓವರ್ ಕಳೆದರೂ ಎಷ್ಟು ರನ್, ಎಷ್ಟು ವಿಕೆಟ್ ಎಂಬುದು ಬಾಯಿಗೆ ಬಾರದೆ ಹೋಗುವುದುಂಟು. ಪರದೆಯ ಮೂಲೆಯಲ್ಲಿ ಬರೆದಿದೆಯಲ್ಲ ಎಂಬ ನೆಮ್ಮದಿ ಅವರಿಗೆ. ಗಲ್ಲಾದಲ್ಲಿ ನಿಂತವರಿಗೆ ಪರದೆಯ ಮೂಲೆ ಎಲ್ಲಿಂದ ಬರಬೇಕು?

ಬಾರ್ಬರ್ ಅವರ ಗರಡಿಯಲ್ಲೇ ಪಳಗಿದವರು ವಿನ್ ಸ್ಕಲ್ಲಿ. 1950ರಿಂದ 2016ರವರೆಗೆ, 67 ಋತುಗಳ ಕಾಲ, ಒಂದೇ ತಂಡದ ಪಂದ್ಯಗಳನ್ನು ವಿವರಿಸಿದವರು. 1958ರಲ್ಲಿ ಡಾಡ್ಜರ್ಸ್ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದಾಗ ಆಡಲು ಸಿಕ್ಕಿದ್ದು ಕೊಲಿಸಿಯಂ ಎಂಬ ಅಗಾಧ ಕ್ರೀಡಾಂಗಣ. ಮೇಲಿನ ಸಾಲುಗಳಲ್ಲಿ ಕೂತವರಿಗೆ ಆಟಗಾರರು ಇರುವೆಗಳ ಹಾಗೆ ಕಾಣುತ್ತಿದ್ದರು. ಜನ ಟ್ರಾನ್ಸಿಸ್ಟರ್ ಹಿಡಿದುಕೊಂಡೇ ಮೈದಾನಕ್ಕೆ ಬರಲು ಶುರುಮಾಡಿದರು. ಕಣ್ಣೆದುರಿನ ಆಟ ಅರ್ಥವಾಗಲು ಅವರಿಗೆ ಸ್ಕಲ್ಲಿಯವರ ಮಾತು ಬೇಕಾಗಿತ್ತು. 1960ರಲ್ಲಿ ಒಂದು ಪಂದ್ಯದ ನಡುವೆ ಅಂಪೈರ್ ಫ್ರಾಂಕ್ ಸೆಕೊರಿ ಅವರ ಹುಟ್ಟುಹಬ್ಬವೆಂದು ತಿಳಿದು ಸ್ಕಲ್ಲಿ, ಒಂದು ಎರಡು ಮೂರು ಎಣಿಸುತ್ತೇನೆ, ಎಲ್ಲರೂ ಶುಭಾಶಯ ಕೂಗಿ ಎಂದು ರೇಡಿಯೋದಲ್ಲಿ ಕೇಳಿಕೊಂಡರು. ಇಡೀ ಕ್ರೀಡಾಂಗಣ ಒಟ್ಟಿಗೆ ಕೂಗಿತು.

1965ರ ಸೆಪ್ಟೆಂಬರ್ 9ರ ರಾತ್ರಿ ಡಾಡ್ಜರ್ಸ್ ಎಸೆತಗಾರ ಸ್ಯಾಂಡಿ ಕೋಫ್ಯಾಕ್ಸ್ ಎದುರಾಳಿಯ ಒಬ್ಬನನ್ನೂ ಮೊದಲ ಬೇಸ್ ಮುಟ್ಟಗೊಡದೆ ಇಡೀ ಪಂದ್ಯ ಮುಗಿಸಿದರು. ಕೊನೆಯ ಇನಿಂಗ್ಸ್‌ನಲ್ಲಿ ಸ್ಕಲ್ಲಿ ಮತ್ತೆ ಮತ್ತೆ ಗಂಟೆ ಎಷ್ಟೆಂದು ಹೇಳಿದರು, ಮುಗಿದಾಗ 9.46. ಆ ಧ್ವನಿಮುದ್ರಿಕೆ ಮುಂದೊಂದು ದಿನ ಕೋಫ್ಯಾಕ್ಸ್ ಅವರ ಕೈಸೇರಿದರೆ ಆ ಕ್ಷಣ ಅದರಲ್ಲಿ ಗುರುತಾಗಿರಲಿ ಎಂಬ ಕಾಳಜಿ. ವಿಶೇಷಣಗಳ ಸುರಿಮಳೆಗಿಂತ ಆ ಒಂದು ಗಂಟೆಯ ಲೆಕ್ಕ ಇಂದಿಗೂ ಮೈ ನವಿರೇಳಿಸುತ್ತದೆ.

ಇನ್ನು ಮೌನ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತಮ್ಮ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ಅವರ ದಾಖಲೆ ದಾಟಿದಾಗ ಸ್ಕಲ್ಲಿ ರೇಡಿಯೋದಲ್ಲಿ ಚೆಂಡು ಎಲ್ಲಿ ಹೋಯಿತೆಂದು ಹೇಳಿದರು, ಆಮೇಲೆ ಸುಮ್ಮನಾದರು. ಕೇಳುಗರ ಕಿವಿಗೆ ಬಿದ್ದದ್ದು ಜನರ ಕೂಗು ಮಾತ್ರ. ಅದಾದ ಮೇಲೆ ಅವರು ಹೇಳಿದ ಮಾತಿನ ಸಾರ ಇಷ್ಟು: ಅಮೆರಿಕದ ದಕ್ಷಿಣದ ನೆಲದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ವರ್ಣಭೇದದ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ದಾಖಲೆಯ ಅಂಕಿಯನ್ನು ದಾಟಿ ಅದರ ಅರ್ಥವನ್ನು ಅಷ್ಟೇ ಮಾತಿನಲ್ಲಿ ಹೇಳಿದರು. 1988ರ ವಿಶ್ವ ಸರಣಿಯ ಮೊದಲ ಪಂದ್ಯದಲ್ಲಿ ಕುಂಟುತ್ತ ಬಂದ ಡಾಡ್ಜರ್ಸ್‌ನ ಕರ್ಕ್ ಗಿಬ್ಸನ್ ಹೋಮ್ ರನ್ ಹೊಡೆದು ಗೆಲ್ಲಿಸಿದಾಗಲೂ, ಅದು ಟಿವಿ ಪ್ರಸಾರ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಅವರು ಬಾಯಿ ತೆರೆಯಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ಸಂಗತಿ, ನಂತರ ಮೌನ. ಏನಾಯಿತೆಂದು ಹೇಳದೆ ಸುಮ್ಮನಾದರೆ ಅದು ಕೇಳುಗರಿಗೆ ಮಾಡುವ ಅನ್ಯಾಯ. ಹೇಳಿದ ಮೇಲೂ ಕಿರುಚುತ್ತಿದ್ದರೆ ಅದು ಆಟಕ್ಕೆ ಮಾಡುವ ಅನ್ಯಾಯ.

ಮಿರ್ಕಾಬ್‌ನ ಕನ್ನಡಿಗರಿಗೆ ಸ್ಕಲ್ಲಿಯವರಿಗಿಂತ ಹತ್ತಿರದವರು, ಸ್ಕಲ್ಲಿಯವರದೇ ಪಕ್ಕದ ಕೋಣೆಯಲ್ಲಿ ಕೂತು ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಿದ್ದ ಹೈಮೆ ಹರೀನ್. ಎಕ್ವಡಾರ್ ದೇಶದವರು. 1955ರಲ್ಲಿ ಲಾಸ್ ಏಂಜಲೀಸ್‌ಗೆ ವಲಸೆ ಬರುವ ತನಕ ಬೇಸ್‌ಬಾಲ್ ಅವರಿಗೆ ಗೊತ್ತಿರದ ಆಟ. 1958ರಲ್ಲಿ ನಿಕರಾಗುವಾದ ರೆನೆ ಕಾರ್ದೆನಾಸ್ ಡಾಡ್ಜರ್ಸ್ ಪಂದ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಹೇಳಲು ಶುರುಮಾಡಿದರು. ಮರುವರ್ಷ ಹರೀನ್ ಜೊತೆಯಾದರು. ತಂಡ ಬೇರೆ ಊರಿನಲ್ಲಿ ಆಡುವಾಗ, ಆರಂಭದ ವರ್ಷಗಳಲ್ಲಿ, ಅವರನ್ನು ಜೊತೆಗೆ ಕರೆದೊಯ್ಯುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕೂತು ಇಂಗ್ಲಿಷ್ ವಿವರಣೆಯನ್ನು ಕೇಳಿಸಿಕೊಳ್ಳುತ್ತಲೇ ತಮ್ಮ ಭಾಷೆಯಲ್ಲಿ ಆಟ ಕಟ್ಟಿಕೊಡಬೇಕಿತ್ತು. ಡಾಡ್ಜರ್ಸ್ ಕ್ರೀಡಾಂಗಣ ನಿಂತಿರುವ ಚಾವೆಝ್ ರವೀನ್ ಎಂಬ ಜಾಗದಿಂದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಎಬ್ಬಿಸಿದ್ದರ ಕಹಿ ಆ ಊರಿನಲ್ಲಿತ್ತು. ಆ ಕಹಿಯ ನಡುವೆಯೂ ಮನೆಮಾತಿನ ರೇಡಿಯೋ ಆಟವನ್ನು ಆ ಮನೆಗಳ ಒಳಗೆ ತಂದಿತು. 1981ರಲ್ಲಿ ಮೆಕ್ಸಿಕೋದ ಹಳ್ಳಿಯಿಂದ ಬಂದ ಹುಡುಗ, ಡಾಡ್ಜರ್ಸ್ ಎಸೆತಗಾರ ಫರ್ನಾಂಡೊ ವಲೆನ್ಝುವೆಲಾ ಸತತ 8 ಪಂದ್ಯ ಗೆದ್ದು ಋತು ಆರಂಭಿಸಿದಾಗ ಪತ್ರಕರ್ತರ ನಡುವೆ ಅವರಿಗೆ ದುಭಾಷಿಯಾಗಿ ನಿಂತವರೂ ಹರೀನ್. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅಜ್ಜ, ಮಗ, ಮೊಮ್ಮಗಳು ಮೂವರೂ ಅವರ ಧ್ವನಿ ಕೇಳಿ ಬೆಳೆದ ಮನೆಗಳಿದ್ದವು. ಪರದೇಶದಲ್ಲಿ ಭಾಷೆ ಉಳಿಯುವುದು ಹೇಗೆ ಎಂದು ಕೇಳುವವರಿಗೆ ಇದೂ ಒಂದು ಉತ್ತರ. ವ್ಯಾಕರಣದ ತರಗತಿಗೆ ಬರಲು ಒಲ್ಲೆನೆನ್ನುವ ಮಗು ಸ್ಕೋರ್ ಕೇಳಲು ತಾನಾಗಿ ಬರುತ್ತದೆ.

ಕನ್ನಡಕ್ಕೆ ಇಂಥ ಧ್ವನಿಯ ದಾರಿದ್ರ್ಯವಿಲ್ಲ. ಭಾರತದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ಬಂದದ್ದೇ ಮೈಸೂರಿನಿಂದ, 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ನಡೆಸಿದ ಪುಟ್ಟ ಕೇಂದ್ರದಿಂದ. ‘ವೀಕ್ಷಕ ವಿವರಣೆ’ ಎಂಬ ಪದವೂ ಎಷ್ಟು ಹದವಾಗಿದೆ: ನೋಡುವವರು, ನೋಡದವರಿಗೆ ಬಿಡಿಸಿ ಹೇಳುವುದು. ದಸರೆಯ ಜಂಬೂಸವಾರಿಯ ವೀಕ್ಷಕ ವಿವರಣೆಯನ್ನು ಮೈಸೂರು ಆಕಾಶವಾಣಿಯಲ್ಲಿ ಕೇಳಿ ಬೆಳೆದವರಿಗೆ ಗೊತ್ತು, ಆನೆಯ ಹೆಜ್ಜೆಯ ನಿಧಾನವನ್ನೂ ಮಾತಿನ ನಿಧಾನದಿಂದ ತೋರಿಸಬಹುದು. 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ತಂಡ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಹಿಮ್ಮೆಟ್ಟಿಸಿದಾಗ ಈ ರಾಜ್ಯದಲ್ಲಿ ಟಿವಿಯೇ ಇರಲಿಲ್ಲ. ಬಾಂಬೆ ಸತತ 15 ವರ್ಷ ಟ್ರೋಫಿ ಹಿಡಿದಿಟ್ಟುಕೊಂಡಿದ್ದ ತಂಡ. ಕರ್ನಾಟಕದ ಪ್ರಸನ್ನ, ಬಾಂಬೆಯ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಆ ಎಸೆತ ಮೈದಾನಕ್ಕೆ ಹೋಗದವರ ನೆನಪಿನಲ್ಲೂ ಇದೆ. ಮಾತು ದಾಟಿಸಿದ ನೆನಪು ಅದು.

2018ರಿಂದ ಐಪಿಎಲ್ ಪಂದ್ಯಗಳು ಟಿವಿಯಲ್ಲಿ ಕನ್ನಡದಲ್ಲೂ ಬರುತ್ತಿವೆ. ಇದು ದೊಡ್ಡ ಲಾಭ, ಅನುಮಾನವಿಲ್ಲ. ವಿಜಯ್ ಭಾರದ್ವಾಜ್, ಸುಜಿತ್ ಸೋಮಸುಂದರ್, ಭರತ್ ಚಿಪ್ಲಿ ಅವರಂಥ ಕರ್ನಾಟಕದ ಮಾಜಿ ಆಟಗಾರರು ಮೈಕ್ ಹಿಡಿದಾಗ ಆಟದ ಒಳಗುಟ್ಟು ಕನ್ನಡದಲ್ಲಿ ತೆರೆದುಕೊಂಡಿತು. ಬೌಲರ್ ಯಾಕೆ ಕ್ರೀಸಿನ ಅಂಚಿಗೆ ಸರಿದ, ಕೀಪರ್ ಯಾಕೆ ಎರಡು ಹೆಜ್ಜೆ ಮುಂದೆ ಬಂದ ಎಂಬುದನ್ನು ನಮ್ಮ ಮಾತಿನಲ್ಲಿ ಕೇಳುವ ಸುಖ ಬೇರೆಯೇ. ಆದರೆ ಪ್ರಸಾರದ ಒಟ್ಟು ಅಚ್ಚು ಟಿವಿಯದ್ದು. ಚಿತ್ರ ಇದ್ದೇ ಇದೆ ಎಂದು ನಂಬಿದ ಮಾತು ಸಡಿಲವಾಗುತ್ತದೆ. ‘ನೋಡಿ, ನೋಡಿ, ಎಂಥಾ ಹೊಡೆತ’ ಎನ್ನುತ್ತಾರೆ. ಯಾವ ಕಡೆಗೆ? ನೆಲದ ಮೇಲೋ ಗಾಳಿಯಲ್ಲೋ? ಹಿಡಿದರೋ ಬಿಟ್ಟರೋ? ಮಿರ್ಕಾಬ್‌ನ ಬಸ್ಸಿನಲ್ಲಿ ಕೂತವರು ಜನರ ಕೂಗಿನ ಏರಿಳಿತದಿಂದ ಊಹಿಸಿಕೊಳ್ಳಬೇಕು.

ಇದರ ಕಷ್ಟ ಎಷ್ಟೆಂಬುದಕ್ಕೆ 2025ರ ಜೂನ್ 3ರ ಫೈನಲ್ ಸಾಕ್ಷಿ. 18ನೇ ಋತುವಿನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದ ರಾತ್ರಿ. ಅಹಮದಾಬಾದಿನಲ್ಲಿ ಪಂಜಾಬ್‌ಗೆ ಕೊನೆಯ ಓವರಿನಲ್ಲಿ 29 ರನ್ ಬೇಕಿತ್ತು. ಹೇಜಲ್‌ವುಡ್ ಅವರ ಮೊದಲ ಎರಡು ಎಸೆತದಲ್ಲಿ ರನ್ ಬರಲಿಲ್ಲ; ನೋಬಾಲ್, ವೈಡ್ ಆಗದಿದ್ದರೆ ಪಂದ್ಯ ಅಲ್ಲಿಗೇ ಮುಗಿದಂತೆ. ಆಟ ಇನ್ನೂ ನಡೆಯುತ್ತಿರುವಾಗಲೇ ಕೊಹ್ಲಿ ಕಣ್ಣು ತುಂಬಿಕೊಂಡರು. ಉಳಿದ ನಾಲ್ಕು ಎಸೆತಗಳಲ್ಲಿ ಶಶಾಂಕ್ ಸಿಂಗ್ 6, 4, 6, 6 ಬಾರಿಸಿದರು. ಟಿವಿ ಮುಂದೆ ಕೂತವರಿಗೆ ಕೊಹ್ಲಿಯ ಕಣ್ಣೀರು ಕಂಡಿತು, ಗೆದ್ದಾಯಿತೆಂದು ತಿಳಿಯಿತು. ಕುವೈತಿನಲ್ಲಿ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಬರೀ ಕಿವಿಯಿಂದ ಕೇಳುತ್ತಿದ್ದವರಿಗೆ ಸಾಲಾಗಿ ಸಿಕ್ಸರ್, ಬೌಂಡರಿ, ಸಿಕ್ಸರ್, ಸಿಕ್ಸರ್ ಎಂದು ಬಿದ್ದರೆ ಎದೆ ನಿಲ್ಲದೆ ಇದ್ದೀತೇ? ಆ ಹೊತ್ತಿಗೆ ಬೇಕಾಗಿದ್ದದ್ದು ಒಂದೇ ವಾಕ್ಯ: ಇನ್ನು ಎಷ್ಟು ಹೊಡೆದರೂ ಸಾಲದು, ಕಪ್ ನಮ್ಮದಾಯಿತು. ಆರು ರನ್ನಿನಿಂದ ಗೆದ್ದರು ಎಂಬ ಅಂಕಿ ಕೊನೆಗೆ ಸಿಗುತ್ತದೆ. ಯಾವ ಎಸೆತಕ್ಕೆ ಗೆದ್ದರು ಎಂಬುದನ್ನು ಹೇಳುವುದು ವಿವರಣೆಗಾರರ ಕೆಲಸ.

ಅಭಿಮಾನದ ವಿಚಾರವೂ ಇದರ ಜೊತೆಗೇ ಬರುತ್ತದೆ. ನಮ್ಮ ಭಾಷೆಯ ಪ್ರಸಾರ ನಮ್ಮ ತಂಡದ ಕಡೆ ವಾಲುವುದು ಸಹಜ, ತಪ್ಪೂ ಅಲ್ಲ. ಹರೀನ್ ಡಾಡ್ಜರ್ಸ್‌ನವರೇ ಆಗಿದ್ದರು. ಆದರೆ ಎದುರಾಳಿಯ ಒಳ್ಳೆಯ ಎಸೆತವನ್ನು ಒಳ್ಳೆಯದೆಂದು ಹೇಳದಿದ್ದರೆ ಕೇಳುಗರಿಗೆ ಸೋಲಿನ ಕಾರಣವೇ ತಿಳಿಯುವುದಿಲ್ಲ. ಘೋಷಣೆ ಕೂಗಲು ಮೈದಾನದಲ್ಲಿ ಸಾವಿರಾರು ಜನರಿದ್ದಾರೆ. ಮೈಕಿನ ಮುಂದೆ ಇರುವವರು ಒಬ್ಬಿಬ್ಬರು. ಕಂಡದ್ದನ್ನು ಹೇಳುವ ಹೊಣೆ ಅವರದು.

ಕಂಡದ್ದು ಅರ್ಥವಾಗದಿದ್ದರೆ? ಕುವೈತಿಗರಿಗೆ 1982ರ ಜೂನ್ 21 ಮರೆಯದ ದಿನ. ಸ್ಪೇನಿನ ವಾಯಾಡೊಲಿಡ್‌ನಲ್ಲಿ ವಿಶ್ವಕಪ್ ಫುಟ್ಬಾಲ್, ಎದುರಾಳಿ ಫ್ರಾನ್ಸ್. ಪ್ರೇಕ್ಷಕರ ನಡುವಿನಿಂದ ಸೀಟಿಯ ಸದ್ದು ಬಂತು. ರೆಫ್ರಿಯದ್ದೆಂದು ತಿಳಿದು ಕುವೈತಿನ ಆಟಗಾರರು ನಿಂತುಬಿಟ್ಟರು. ಅಷ್ಟರಲ್ಲಿ ಅಲೆನ್ ಜಿರೆಸ್ ಗೋಲು ಹೊಡೆದರು. ಕುವೈತ್ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷ ಶೇಖ್ ಫಹಾದ್ ಗ್ಯಾಲರಿಯಿಂದ ಮೈದಾನಕ್ಕಿಳಿದರು, ರೆಫ್ರಿ ಮಿರೊಸ್ಲಾವ್ ಸ್ತುಪಾರ್ ಕೊಟ್ಟ ಗೋಲನ್ನು ಹಿಂದಕ್ಕೆ ಪಡೆದರು. ಕೊನೆಗೆ ಫ್ರಾನ್ಸ್ 4–1ರಿಂದ ಗೆದ್ದಿತು. ಅಂಥ ಗೊಂದಲದ ಹೊತ್ತಿನಲ್ಲಿ ಮೈಕಿನ ಮುಂದೆ ಕೂತವರಿಗೆ ಎರಡೇ ದಾರಿ: ಊಹೆಯನ್ನು ಸುದ್ದಿಯಾಗಿಸುವುದು, ಇಲ್ಲವೇ ‘ಆಟಗಾರರು ನಿಂತಿದ್ದಾರೆ, ಕಾರಣ ನನಗಿನ್ನೂ ತಿಳಿದಿಲ್ಲ’ ಎಂದು ಹೇಳುವುದು. ಎರಡನೆಯದನ್ನು ಹೇಳಲು ಧೈರ್ಯ ಬೇಕು. ಒಮ್ಮೆ ಹಾಗೆ ಹೇಳಿದವರ ಮಾತನ್ನು ಕೇಳುಗರು ಮುಂದೆ ಹತ್ತು ಸಲ ನಂಬುತ್ತಾರೆ.

ಕರಾವಳಿಯವರು ಈ ಪಾಠಕ್ಕೆ ದೂರ ಹೋಗಬೇಕಿಲ್ಲ. ಕಂಬಳದ ಮೈಕು ಇಪ್ಪತ್ನಾಲ್ಕು ಗಂಟೆ ದಾಟಿದರೂ ಆರುವುದಿಲ್ಲ. ಕೋಣಗಳ ಯಜಮಾನರ ಮನೆ ಯಾವುದು, ಓಡಿಸುವವರು ಯಾರು, ಓಟದ ವಿಭಾಗ ಹಗ್ಗವೋ ನೇಗಿಲೋ ಕನೆಹಲಗೆಯೋ, ಜೋಡುಕರೆಯ ಎರಡು ಹಾದಿಗಳಲ್ಲಿ ಯಾವ ಕರೆ, ಎಲ್ಲವೂ ಓಟಕ್ಕೆ ಮೊದಲೇ ಬರುತ್ತದೆ. ಮೂಡುಬಿದಿರೆಯಲ್ಲಿ ‘ಕೋಟಿ’ ಎಂದರೆ ಒಂದು ಕರೆ, ‘ಚೆನ್ನಯ’ ಎಂದರೆ ಇನ್ನೊಂದು. ಗದ್ದೆಗೆ ಬೆನ್ನು ಹಾಕಿ ಚರುಮುರಿ ತಿನ್ನುತ್ತಿದ್ದವರಿಗೂ ಯಾವ ಜೋಡಿ ಮುಂದಿದೆ ಎಂದು ತಿಳಿಯುತ್ತದೆ. ಓಟದ ಗುರಿಯಾದ ಮಂಜೊಟ್ಟಿ ಮುಟ್ಟಿದ ಕೂಡಲೇ ಸಮಯ, ಸೆಕೆಂಡಿನ ನೂರನೇ ಒಂದು ಭಾಗದವರೆಗೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ಲೋಕವೆಲ್ಲ ಹರಡಿತು. ಉಸೇನ್ ಬೋಲ್ಟ್ ಜೊತೆಗೆ ಹೋಲಿಸಿದವರು ಎಷ್ಟೋ ಜನ. ಕೋಣಗಳ ಸೆಳೆತ ಇಲ್ಲದೆ ಆ ವೇಗವಿಲ್ಲ, ಕಂಬಳದ ಓಟವೇ ಬೇರೆ ಎಂಬುದು ಕಂಬಳದ ಗದ್ದೆಯವರಿಗೆ ಮೊದಲೇ ಗೊತ್ತಿತ್ತು. ಅಂಕಿಯನ್ನು ಹೇಳುವುದು ಒಂದು, ಅದರ ಹಿಂದಿನ ಆಟವನ್ನು ಬಲ್ಲವರಾಗಿ ಹೇಳುವುದು ಮತ್ತೊಂದು.

ತಾಳಮದ್ದಳೆಯನ್ನಂತೂ ಹೇಳಲೇಬೇಕು. ಕಿರೀಟವಿಲ್ಲ, ಗೆಜ್ಜೆಯಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳು ಭಾಗವತರ ಪದ ಮುಗಿಯುತ್ತಲೇ ಬರೀ ಮಾತಿನಿಂದ ರಣರಂಗ ಎಬ್ಬಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಯಾವ ಚಿತ್ರದ ನೆರವೂ ಇಲ್ಲದೆ ರಾತ್ರಿಯಿಡೀ ಜನರನ್ನು ಕೂರಿಸಿದವರು. ಸಿದ್ಧ ಪಾಠವಿಲ್ಲ, ಎದುರಿನವರು ಏನು ಹೇಳುತ್ತಾರೋ ಗೊತ್ತಿಲ್ಲ, ಆದರೂ ಪ್ರಸಂಗದ ದಾರಿ ತಪ್ಪುವಂತಿಲ್ಲ. ನೇರ ಪ್ರಸಾರದ ಕಷ್ಟವೂ ಇದೇ. ಕನ್ನಡದಲ್ಲಿ ವೀಕ್ಷಕ ವಿವರಣೆ ಕಲಿಯ ಹೊರಟ ಯುವಕ ಯುವತಿಯರು ಇಂಗ್ಲಿಷ್ ಪ್ರಸಾರಗಳನ್ನು ಕೇಳುವಷ್ಟೇ ಶ್ರದ್ಧೆಯಿಂದ ಹಳೆಯ ತಾಳಮದ್ದಳೆಗಳ ಧ್ವನಿಮುದ್ರಣ ಕೇಳಲಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ದನಿ ಎಲ್ಲಿ ತಗ್ಗಬೇಕು, ಒಂದು ಹೆಸರನ್ನು ಎಷ್ಟು ತಡೆದು ಹೇಳಿದರೆ ಅದಕ್ಕೆ ತೂಕ ಬರುತ್ತದೆ ಎಂಬುದು ಅಲ್ಲಿದೆ.

ಪದಗಳ ಜಗಳ ಸಾಕು. ವಿಕೆಟ್ಟನ್ನು ಹುದ್ದರಿ ಎನ್ನಬೇಕೇ, ಕೀಪರನ್ನು ಗೂಟರಕ್ಷಕ ಎನ್ನಬೇಕೇ ಎಂಬ ವಾದದಲ್ಲಿ ಕನ್ನಡ ಉಳಿಯುವುದಿಲ್ಲ. ಕವರ್, ಪಾಯಿಂಟ್, ಯಾರ್ಕರ್ ಎಲ್ಲ ಬೀದಿಯಲ್ಲಿ ಟೆನಿಸ್ ಚೆಂಡು ಆಡುವ ಹುಡುಗರ ನಾಲಿಗೆಯ ಮೇಲೆ ಕನ್ನಡವಾಗಿಯೇ ಇವೆ. ಕನ್ನಡ ಸೋಲುವುದು ವಾಕ್ಯದಲ್ಲಿ. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದ ಕ್ರಿಯಾಪದ ಅಂಟಿಸಿದ ಮಾತು ಕಿವಿಗೆ ಕಲ್ಲಾಗುತ್ತದೆ. ‘ತಡವಾಗಿ ಬ್ಯಾಟ್ ತಂದ, ಅಂಚು ಸವರಿತು, ಮೊದಲ ಸ್ಲಿಪ್‌ನವನ ಎದೆಯ ಮಟ್ಟಕ್ಕೆ ಬಂತು, ಹಿಡಿದ’ ಎಂದರೆ ಸಾಕು, ಆಟ ಕಣ್ಣಿಗೆ ಕಟ್ಟುತ್ತದೆ.

ಈಗ ಮಾಡಬಹುದಾದ ಕೆಲಸಗಳಿವೆ, ದುಬಾರಿಯೂ ಅಲ್ಲ. ಪ್ರಸಾರ ಸಂಸ್ಥೆಗಳು ಟಿವಿಯ ಕನ್ನಡ ವಿವರಣೆಯ ಜೊತೆಗೆ ಬರೀ ಧ್ವನಿಯ ಕನ್ನಡ ಪ್ರಸಾರವನ್ನು ಬೇರೆಯಾಗಿ, ರೇಡಿಯೋದ ಶಿಸ್ತಿನಲ್ಲಿ ಕೊಡಲಿ. ಆಕಾಶವಾಣಿ ಕರ್ನಾಟಕದ ರಣಜಿ ಪಂದ್ಯಗಳಿಗೆ ಕನ್ನಡದ ಎಸೆತ ಎಸೆತದ ವಿವರಣೆ ಕೊಡಲಿ. ಹೊಸಬರು ಪಳಗಲು ನಾಲ್ಕು ದಿನದ ಪಂದ್ಯಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಕುವೈತಿನ ಕನ್ನಡ, ತುಳು ಸಂಘಟನೆಗಳು ಶುಕ್ರವಾರದ ರಜೆಯಲ್ಲಿ ಟೂರ್ನಿ ನಡೆಸುವಾಗ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಕೈಗೊಮ್ಮೆ ಮೈಕು ಕೊಡಲಿ, ಕನ್ನಡ ತಪ್ಪಿದರೂ ಪರವಾಗಿಲ್ಲ.

ಮೈಕಿನ ಮುಂದೆ ಕೂರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಪಂದ್ಯದ ಮೊದಲ ಓವರ್ ಮುಗಿದಾಗ ಮಿರ್ಕಾಬ್‌ನ ನಿಲ್ದಾಣದಿಂದ ಒಂದು ಬಸ್ಸು ಹೊರಟಿರುತ್ತದೆ, ಅದರಲ್ಲಿ ಆಸ್ಪತ್ರೆಯ ಪಾಳಿ ಮುಗಿಸಿದ ಕಾರ್ಕಳದ ಹುಡುಗಿಯೋ ಅಂಗಡಿಯಿಂದ ಹೊರಟ ಭಟ್ಕಳದ ಯಜಮಾನರೋ ಕಿವಿಗೆ ವಯರು ಸಿಕ್ಕಿಸಿಕೊಳ್ಳುತ್ತಿರುತ್ತಾರೆ. ಅವರಿಗೆ ಸ್ಕೋರ್ ಹೇಳಿ.